ಕೀಟದ ಬಾಯಿ ನೋಡಿ ಔಷಧಿ ಕೊಳ್ಳಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ. ‘ಸ್ಟ್ರಾಂಗ್ ಆಗಿರೋ ಔಷಧಿ ಯಾವುದು ಹೇಳಿ.’ ನಾನು ತಿರುಗಿ ಕೇಳುವುದೂ ಒಂದೇ. ನಿಮ್ಮ ಹುಳ ಎಲೆ ಕಡಿಯುತ್ತದಾ, ರಸ ಹೀರುತ್ತದಾ, ಇಲ್ಲಾ ಒಳಗೆ ಕೊರೆದು ಕೂತಿದೆಯಾ?

ಪ್ರಶ್ನೆ: ತಾರಸಿ ಮೇಲಿನ ದಾಸವಾಳಕ್ಕೆ ಹತ್ತಿಯಂಥ ಬಿಳಿ ಹುಳ ಮೆತ್ತಿಕೊಂಡಿದೆ. ನರ್ಸರಿಯವರು ಕೊಟ್ಟ ಔಷಧಿ ಮೂರು ಸಲ ಹೊಡೆದೆ, ಸಾಯ್ತಾನೇ ಇಲ್ಲ. (ಕುವೆಂಪುನಗರ, ಮೈಸೂರು)

ಅದು ಹಿಟ್ಟು ತಿಗಣೆ. ಒಂದನ್ನು ಕಡ್ಡಿಯಿಂದ ಎಬ್ಬಿಸಿ ಉಜ್ಜಿ ನೋಡಿ, ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಅದು ಮೇಣ. ನೀವು ಹೊಡೆದ ಔಷಧಿ ಅದರ ಮೇಲಿಂದ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಜಾರಿ ಹೋಗಿರುತ್ತದೆ.

ಮೈಗೆ ತಾಗಿ ಕೊಲ್ಲುವುದು ಸ್ಪರ್ಶ ವಿಷ, ಸೈಪರ್‌ಮೆಥ್ರಿನ್ ಇದ್ದ ಹಾಗೆ. ಎಲೆ ಜೊತೆ ಹೊಟ್ಟೆಗೆ ಹೋಗಿ ಕೊಲ್ಲುವುದು ಜಠರ ವಿಷ. ಗಿಡದ ರಸದಲ್ಲೇ ಸೇರಿಕೊಂಡು ರಸ ಹೀರುವುದನ್ನು ಕೊಲ್ಲುವುದು ಅಂತರ್ವ್ಯಾಪಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಈ ಗುಂಪಿನವು. ತಿಗಣೆ ರಸ ಹೀರುವುದರಿಂದ ಲೆಕ್ಕಕ್ಕೆ ಇದೇ ಸರಿ. ಆದರೂ ಬೇಡ ಅಂತೀನಿ. ಆ ವಿಷ ಹೂವಿನ ಮಕರಂದಕ್ಕೂ ಹೋಗುತ್ತದೆ, ಅಲ್ಲಿಂದ ಜೇನುನೊಣಕ್ಕೆ. ನಾಲ್ಕು ಕುಂಡಕ್ಕೆ ಅಷ್ಟೆಲ್ಲ ಯಾಕೆ?

ಜಾಸ್ತಿ ಮುತ್ತಿರುವ ಕುಡಿ ಕತ್ತರಿಸಿ ಹಾಕಿ. ಉಳಿದದ್ದಕ್ಕೆ ಪೈಪಿನಲ್ಲಿ ಜೋರಾಗಿ ನೀರು ಬಿಡಿ. ಆಮೇಲೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಿಗೆ ಬೆರೆಯಲು ಸ್ವಲ್ಪ ಸೋಪಿನ ದ್ರಾವಣ, ಸಂಜೆ ಹೊತ್ತು. ಸಂಜೆ ಅಂದದ್ದು ಸುಮ್ನೆ ಅಲ್ಲ. ನಾನೊಮ್ಮೆ ಮಧ್ಯಾಹ್ನದ ಬಿಸಿಲಲ್ಲಿ, ಒಂದು ಕೈ ಜಾಸ್ತಿನೇ ಇರಲಿ ಅಂತ ಸುರಿದು ಹೊಡೆದು, ಎಲೆಯೆಲ್ಲ ಸುಟ್ಟು ಹಪ್ಪಳ ಆಗಿತ್ತು. ಹುಳ ಮಾತ್ರ ಹಾಗೇ ಇತ್ತು.

ಇನ್ನು ಇರುವೆ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಅದನ್ನು ತಿನ್ನಲು ಬರುವ ಗುಲಗಂಜಿ ಹುಳಗಳನ್ನು ಓಡಿಸುತ್ತವೆ. ಹಿಂದೆ ಅಡುಗೆಮನೆ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಕುಂಡದ ಸ್ಟ್ಯಾಂಡಿಗೂ ಹಾಗೇ ಮಾಡಿ.

ಪ್ರಶ್ನೆ: ಭತ್ತಕ್ಕೆ ಕಂದು ಜಿಗಿ ಹುಳು ಬಿದ್ದಿದೆ. ಅಂಗಡಿಯವರು ಎರಡು ಮೂರು ಬೆರೆಸಿ ಕೊಟ್ಟರು, ಹೊಡೆದ ಮೇಲೆ ಇನ್ನೂ ಹೆಚ್ಚಾಯಿತು. ಔಷಧಿ ಡೂಪ್ಲಿಕೇಟಾ? (ಪಾಂಡವಪುರ ತಾಲ್ಲೂಕು)

ಅಸಲಿ ಔಷಧಿಯಲ್ಲೂ ಹೀಗಾಗುತ್ತದೆ. ಆ ಬೆರಕೆಯಲ್ಲಿ ಸೈಪರ್‌ಮೆಥ್ರಿನ್ನೋ ಡೆಲ್ಟಾಮೆಥ್ರಿನ್ನೋ ಇತ್ತಾ, ಡಬ್ಬಿ ನೋಡಿ. ಈ ಪೈರಿಥ್ರಾಯ್ಡ್‌ಗಳು ಜಿಗಿ ಹುಳುವನ್ನು ತಿನ್ನುವ ಗದ್ದೆಯ ಜೇಡಗಳನ್ನು ಮೊದಲು ಕೊಲ್ಲುತ್ತವೆ. ಕಾವಲಿಲ್ಲದ ಗದ್ದೆಯಲ್ಲಿ ಜಿಗಿ ಹುಳುವಿಗೆ ಹಬ್ಬ.

ಇನ್ನೊಂದು, ನೀವು ಹೊಡೆದದ್ದು ಎಲ್ಲಿಗೆ? ಬಗ್ಗಿ ಒಂದು ಬುಡವನ್ನು ಕೈಯಲ್ಲಿ ಬಿಡಿಸಿ ನೋಡಿ, ನೀರಿನಿಂದ ಗೇಣುದ್ದದೊಳಗೆ ಗುಂಪಾಗಿ ಕೂತಿರುತ್ತವೆ. ಮೇಲಿನ ಗರಿಗೆ ಹೊಡೆದರೆ ಅವಕ್ಕೆ ತಲುಪುವುದೇ ಇಲ್ಲ. ಮೊದಲು ನೀರು ಬಸಿಯಿರಿ, ಯೂರಿಯಾ ನಿಲ್ಲಿಸಿ. ನಾಲೆಯಲ್ಲಿ ನೀರು ಬಿಟ್ಟಾಗ ಗದ್ದೆ ತುಂಬಿಸಿಕೊಳ್ಳದಿದ್ದರೆ ಸಮಾಧಾನ ಇರಲ್ಲ, ಗೊತ್ತು, ಆದರೂ ಬಸಿಯಲೇಬೇಕು. ಆಮೇಲೆ ಸಾಲು ಬಿಡಿಸಿಕೊಂಡು ಬುಡಕ್ಕೇ ಬೀಳುವಂತೆ ಒಂದೇ ಔಷಧಿ ಹೊಡೆಯಿರಿ. ಮರಿಗಳೇ ಜಾಸ್ತಿ ಇದ್ದರೆ ಬುಪ್ರೊಫೆಜಿನ್. ಅದು ಮರಿ ಪೊರೆ ಬಿಡುವುದನ್ನು ತಡೆಯುತ್ತದೆ, ಹಾಗಾಗಿ ಮಾರನೇ ದಿನವೇ ಸತ್ತಿಲ್ಲ ಅಂತ ಬೇರೊಂದು ತರಲು ಓಡಬೇಡಿ. ದೊಡ್ಡವೂ ಇದ್ದರೆ ಪೈಮೆಟ್ರೊಜಿನ್. ಅದು ಬಿದ್ದ ಮೇಲೆ ಹುಳ ಹೀರುವುದನ್ನೇ ಬಿಟ್ಟು ಹಸಿವಿನಿಂದ ಸಾಯುತ್ತದೆ. ಅಳತೆ ಲೇಬಲ್‌ನಲ್ಲಿದ್ದಷ್ಟೇ.

ಪ್ರಶ್ನೆ: ಟೊಮೆಟೊ ಕಾಯಿ ಕೊರಕಕ್ಕೆ ಬಿಟಿ ಹೊಡೆಯೋಣ ಅಂತಿದ್ದೇನೆ. ಜೈವಿಕ ಅಲ್ವಾ, ಪಕ್ಕದವರ ಹಿಪ್ಪುನೇರಳೆಗೆ ತೊಂದರೆ ಇಲ್ಲ ತಾನೇ? (ಮಳವಳ್ಳಿ)

ದಯವಿಟ್ಟು ಹೊಡೆಯಬೇಡಿ! ಬಿಟಿ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ಕಾಯಿಲೆ ಬಿದ್ದ ರೇಷ್ಮೆ ಹುಳದಲ್ಲಿ, 1901ರಲ್ಲಿ, ಜಪಾನಿನ ಇಶಿವಾಟ ಎಂಬ ವಿಜ್ಞಾನಿಗೆ. ಹುಳದ ಹೊಟ್ಟೆಯ ಕ್ಷಾರದಲ್ಲಿ ಬಿಟಿಯ ಪ್ರೋಟೀನ್ ಹರಳು ಕರಗಿ ವಿಷವಾಗುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ನಮಗೇನೂ ಆಗಲ್ಲ. ಆದರೆ ರೇಷ್ಮೆ ಹುಳವೂ ಕಂಬಳಿಹುಳದ ಜಾತಿಯೇ. ಗಾಳಿಗೆ ತೂರಿ ಬಂದ ಹನಿ ಸೊಪ್ಪಿಗೆ ಬಿದ್ದರೆ, ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಗೂಡು ಕಟ್ಟಬೇಕಾದ ಹುಳ ತಟ್ಟೆಯಲ್ಲೇ ಮಲಗಿಬಿಡುತ್ತದೆ. ಆಮೇಲೆ ಪಕ್ಕದವರ ಮುಖ ನೋಡುವುದು ಹೇಗೆ? ಬೇವು ಕೂಡ ಆ ಹುಳಕ್ಕೆ ಆಗದು. ನಿಮಗೆ ಸರಿಹೋಗುವುದು ಎನ್‌ಪಿವಿ ಎಂಬ ವೈರಸ್ ದ್ರಾವಣ. ಕಾಯಿ ಕೊರಕಕ್ಕೆಂದೇ ತಯಾರಿಸಿದ್ದು ಸಿಗುತ್ತದೆ, ಬೇರೆ ಹುಳದ ತಂಟೆಗೆ ಹೋಗುವುದಿಲ್ಲ. ಸಂಜೆ, ಮರಿಗಳು ಚಿಕ್ಕದಿದ್ದಾಗಲೇ ಹೊಡೆಯಿರಿ.

ಪ್ರಶ್ನೆ: ಬದನೆಯ ಕುಡಿ ಕೊರಕಕ್ಕೆ ಹಸಿರು ತ್ರಿಕೋನದ ಔಷಧಿ ಹೊಡೆದಿದ್ದೇನೆ. ಹಸಿರು ಅಂದ್ರೆ ಸೇಫ್ ಅಂತಾರೆ, ಎರಡು ದಿನ ಬಿಟ್ಟು ಕೊಯ್ಯಬಹುದಾ? (ಮೈಸೂರು ತಾಲ್ಲೂಕು)

ಡಬ್ಬಿ ಮೇಲಿನ ತ್ರಿಕೋನದ ಬಣ್ಣ ಕೆಂಪು, ಹಳದಿ, ನೀಲಿ, ಹಸಿರು, ಈ ಕ್ರಮದಲ್ಲಿ ವಿಷದ ಕಾವು ಇಳಿಯುತ್ತದೆ, ನಿಜ. ಆದರೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಆ ಬಣ್ಣ ಹೇಳುವುದಿಲ್ಲ. ಕ್ಲೋರಾಂಟ್ರಾನಿಲಿಪ್ರೋಲ್‌ಗೆ ಹಸಿರು ತ್ರಿಕೋನ, ಬದನೆಗೆ ಹೊಡೆದರೆ ಕಾಯಬೇಕಾದ್ದು 22 ದಿನ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿಗೆ (ನೀರಲ್ಲಿ ಕರಗುವ ಹರಳಿನ ರೂಪದ್ದು) ಮೂರೇ ದಿನ. ನೀವು ಹೊಡೆದದ್ದರ ಹೆಸರು ಬರೆದಿಲ್ಲ. ಡಬ್ಬಿ ಜೊತೆ ಬರುವ ಮಡಚಿದ ಚೀಟಿಯಲ್ಲಿ, ಸಣ್ಣ ಅಕ್ಷರದಲ್ಲಿ, ಬೆಳೆಯ ಹೆಸರಿನ ಮುಂದೆ ದಿನ ಹಾಕಿರುತ್ತಾರೆ. ಅದನ್ನು ನೋಡುವ ತನಕ ಕೊಯ್ಯಬೇಡಿ, ಅಷ್ಟರಲ್ಲಿ ಬಾಡಿ ಜೋತುಬಿದ್ದ ಕುಡಿಗಳನ್ನು ಚಿವುಟಿ ಸುಟ್ಟುಹಾಕಿ. ಕೊರಕ ಅದರೊಳಗೇ ಇರುತ್ತದೆ.