‘ಕದ್ದ ಡ್ರ್ಯಾಗನ್’ ಎಂದದ್ದಕ್ಕೆ ಬಂದ ಪತ್ರ: ಸಂಪಾದಕರ ಉತ್ತರ

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಂಟನೇ ಕ್ಲಾಸಿನ ನಿಮ್ಮ ಮಗ ಬೇಸಿಗೆ ರಜೆಯಲ್ಲಿ ಕ್ರಿಸ್ಟೋಫರ್ ಪಾವೊಲಿನಿ ಬರೆದ ಡ್ರ್ಯಾಗನ್ ಕಥೆಗಳ ಸರಣಿಯನ್ನು ‘ಎರಗಾನ್’ನಿಂದ ಶುರು ಮಾಡಿ ನಾಲ್ಕೂ ದಪ್ಪ ಪುಸ್ತಕ ಓದಿ ಮುಗಿಸಿದ್ದ, ಆಮೇಲೆ ಹೋದ ತಿಂಗಳ ನಮ್ಮ ಸಂಚಿಕೆಯಲ್ಲಿ ಅದೇ ಸರಣಿಯ ಬಗ್ಗೆ ‘ಕದ್ದ ಡ್ರ್ಯಾಗನ್’ ಎಂಬ ಲೇಖನ ನೋಡಿ ಎರಡು ದಿನ ಮುಖ ಊದಿಸಿಕೊಂಡಿದ್ದ ಎಂದು ಬರೆದಿದ್ದೀರಿ. ಹದಿನೈದರ ಹುಡುಗ ಬರೆಯಲು ಕೂತ ಕಥೆಯನ್ನು ದೊಡ್ಡವರು ಹೀಗೆ ಹರಿದು ಹಾಕುವುದು ಸರಿಯಾ ಎಂದೂ ಕೇಳಿದ್ದೀರಿ.

ಮೊದಲು ತಪ್ಪೊಪ್ಪಿಗೆ. ಲೇಖಕರು ‘ಕದ್ದ’ ಎನ್ನುವ ಪದ ಎಲ್ಲೂ ಬಳಸಿರಲಿಲ್ಲ. ತಲೆಬರಹ ನನ್ನದು. ಪುಟ ಅಚ್ಚಿಗೆ ಹೋಗುವ ಹೊತ್ತಿನಲ್ಲಿ, ಕಣ್ಣಿಗೆ ಹೊಡೆಯುವ ಹಾಗಿರಲಿ ಎಂದು ಹಾಕಿಬಿಟ್ಟೆ. ನಿಮ್ಮ ಮಗನ ಸಿಟ್ಟು ನನಗೇ ಸಲ್ಲಬೇಕು.

ಆದರೆ ಈ ಕಥೆ ಬೇರೆಯವರಿಂದ ಎತ್ತಿದ್ದು ಎನ್ನುವ ದೂರು ನಮ್ಮದಲ್ಲ, ಹೊಸದೂ ಅಲ್ಲ. ಮೊದಲ ಪುಸ್ತಕ 2003ರಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಕಾಶಕರಿಂದ ಬಂದಾಗಿನಿಂದ ಓದುಗರು ಹೇಳುತ್ತಲೇ ಇದ್ದಾರೆ. ಕಥೆ ನೋಡಿ. ಸೋದರಮಾವನ ಹೊಲದಲ್ಲಿ ಬೆಳೆಯುವ ಹುಡುಗ ಎರಗಾನ್. ದುಷ್ಟ ರಾಜನ ಕಡೆಯವರಿಂದ ಮಾವ ಸಾಯುತ್ತಾನೆ. ಊರಿನ ಮುದುಕನೊಬ್ಬ ಕತ್ತಿ ಕೊಟ್ಟು ವಿದ್ಯೆ ಕಲಿಸಿ, ಅರ್ಧ ದಾರಿಯಲ್ಲಿ ಅವನೂ ಸಾಯುತ್ತಾನೆ. ಸೆರೆಯಲ್ಲಿ ಒಬ್ಬ ರಾಜಕುಮಾರಿ, ಬೆಟ್ಟದೊಳಗೆ ಬಂಡಾಯಗಾರರು. ‘ಸ್ಟಾರ್ ವಾರ್ಸ್’ ಸಿನಿಮಾ ನೋಡಿದವರು, ಅದೇ ಕಥೆ ಅಲ್ವಾ ಎಂದು ಇಲ್ಲಿಗೇ ನಗಲು ಶುರು ಮಾಡುತ್ತಾರೆ. ಎಲ್ಫ್‌ಗಳು ಎಂಬ ಕಾಡಿನ ಮಾಯಾಜನ, ಕುಳ್ಳರು, ಎಲ್ಲರೂ ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಮನೆಯವರು. ನಿಜವಾದ ಹೆಸರು ಗೊತ್ತಾದರೆ ಯಾರನ್ನೂ ವಶ ಮಾಡಿಕೊಳ್ಳಬಹುದು ಎನ್ನುವುದನ್ನು ಅಮೆರಿಕದ ಲೇಖಕಿ ಅರ್ಸುಲಾ ಲ ಗ್ವಿನ್ ಎಷ್ಟೋ ಮೊದಲೇ ಬರೆದಿದ್ದರು. ಎರಗಾನ್ ಎಂಬ ಹೆಸರೂ ‘ಡ್ರ್ಯಾಗನ್’ ಪದದ ಮೊದಲ ಅಕ್ಷರ ಬದಲಿಸಿ ಮಾಡಿದ್ದೇ.

ಇದೆಲ್ಲ ನಿಜ. ಆದರೂ ನನಗೆ ಇದು ದೊಡ್ಡ ತಪ್ಪು ಅನ್ನಿಸುವುದಿಲ್ಲ. ಏಳು ಸಮುದ್ರದ ಆಚೆ, ಗಿಳಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸನ ಕಥೆ ಕೇಳದೆ ನಮ್ಮಲ್ಲಿ ಯಾರು ಬೆಳೆದಿದ್ದಾರೆ? ಈ ಸರಣಿಯಲ್ಲೂ ಡ್ರ್ಯಾಗನ್‌ನ ಜೀವ ಅದರ ಎದೆಯೊಳಗಿನ ಹರಳಿನಂಥ ಕಲ್ಲಿನಲ್ಲಿ ಉಳಿಯಬಲ್ಲದು, ರಾಜ ಗಾಲ್ಬಟೋರಿಕ್ಸ್‌ನ ಬಲವೆಲ್ಲ ಹಾಗೆ ದೋಚಿ ಕೂಡಿಟ್ಟ ಕಲ್ಲುಗಳದ್ದು. ಯಾರು ಯಾರ ಮೇಲೆ ಕೇಸು ಹಾಕಬೇಕು, ಹೇಳಿ.

ನನ್ನ ತಕರಾರು ಬೇರೆ. ವಾಕ್ಯಗಳದ್ದು. ಮೊದಲ ಪುಸ್ತಕದಲ್ಲಿ ಬೆಟ್ಟ ಬಂದರೂ ವಿಶೇಷಣ, ಬಟ್ಟಲು ಬಂದರೂ ವಿಶೇಷಣ, ಮದುವೆ ಮನೆಯಲ್ಲಿ ಇದ್ದಬದ್ದ ಒಡವೆಯನ್ನೆಲ್ಲ ಒಟ್ಟಿಗೇ ಹೇರಿಕೊಂಡು ಬಂದ ಹಾಗೆ. ಎರಡನೆಯದರಲ್ಲಿ ಎಲ್ಫ್‌ಗಳ ಕಾಡಿನ ಪಾಠ ಮುಗಿಯುವುದೇ ಇಲ್ಲ. ಆ ಎಲ್ಫ್‌ಗಳೋ ಚೆಂದ, ಜಾಣರು, ಮಾಂಸ ಮುಟ್ಟುವುದಿಲ್ಲ, ತಪ್ಪೇ ಮಾಡುವುದಿಲ್ಲ. ನೆಂಟರ ಮನೆಯ ಫಸ್ಟ್ ರ‍್ಯಾಂಕ್ ಹುಡುಗನ ಥರ. ಮೂರೇ ಪುಸ್ತಕ ಎಂದು ಹೊರಟದ್ದು ನಾಲ್ಕಾಯಿತು, ಮುಗಿಯುವಾಗ 2011.

ವಯಸ್ಸಿನ ಮಾತಿಗೆ ಬರುತ್ತೇನೆ. ಕ್ರಿಸ್ಟೋಫರ್ ಪಾವೊಲಿನಿ ಹದಿನೈದಕ್ಕೆ ಬರೆಯಲು ಕೂತದ್ದು ಸರಿ. 2002ರಲ್ಲಿ ಮನೆಯವರೇ ಪುಸ್ತಕ ಅಚ್ಚು ಹಾಕಿಸಿದರು, ಹುಡುಗ ಹಳೇ ಕಾಲದ ವೇಷ ತೊಟ್ಟು ಶಾಲೆ, ಲೈಬ್ರರಿ ಎಂದು ನೂರಕ್ಕೂ ಹೆಚ್ಚು ಕಡೆ ಹೋಗಿ ಮಾತಾಡಿದ, ಕಾದಂಬರಿಕಾರ ಕಾರ್ಲ್ ಹಯಾಸನ್ ಅವರ ಹೆಂಡತಿಯ ಮಗ ಅದನ್ನು ಓದಿ ಮೆಚ್ಚಿಕೊಂಡ ಮೇಲೆ ದೊಡ್ಡ ಪ್ರಕಾಶಕರ ಬಾಗಿಲು ತೆರೆಯಿತು. ಆ ಹುಡುಗನಿಗೆ ನನ್ನದೂ ಒಂದು ಚಪ್ಪಾಳೆ. ಆದರೆ ಕೊನೆಯ ಪುಸ್ತಕ ಬಂದಾಗ ಅವರಿಗೆ 27. ಮೊದಲ ಪುಸ್ತಕದ ರಿಯಾಯಿತಿಯನ್ನು ನಾಲ್ಕನೆಯದಕ್ಕೂ ಕೇಳಬಾರದು, ಅಲ್ವಾ? ಎಷ್ಟಾದರೂ ಕಾಸು ಕೊಟ್ಟು ಕೊಳ್ಳುವ ಪುಸ್ತಕ.

ನಮ್ಮ ಲೇಖನದಲ್ಲಿ ನನಗೆ ಈಗ ನಿಜಕ್ಕೂ ಚುಚ್ಚುತ್ತಿರುವುದು ತಲೆಬರಹವಲ್ಲ. ಅದರಲ್ಲಿ ಎಲ್ವಾ ಎಂಬ ಮಗುವಿನ ಹೆಸರೇ ಇರಲಿಲ್ಲ. ಎರಗಾನ್ ಒಂದು ಎಳೆಗೂಸಿಗೆ ಹಳೆಯ ಮಂತ್ರಭಾಷೆಯಲ್ಲಿ ಹರಸುತ್ತಾನೆ. ಕೇಡಿನಿಂದ ನಿನಗೆ ರಕ್ಷೆ ಇರಲಿ ಎನ್ನಲು ಹೋಗಿ, ವ್ಯಾಕರಣ ತಪ್ಪಿ, ಕೇಡಿಗೆ ನೀನೇ ಗುರಾಣಿಯಾಗು ಎಂದುಬಿಡುತ್ತಾನೆ. ಇಂದ್ರಾಸನ ಕೇಳಲು ಹೋಗಿ ನಿದ್ರಾಸನ ಕೇಳಿದ ನಮ್ಮ ಕುಂಭಕರ್ಣನ ನೆನಪಾಗುತ್ತದೆ. ಆದರೆ ಕುಂಭಕರ್ಣ ತನ್ನ ನಾಲಗೆಯ ತಪ್ಪಿಗೆ ತಾನೇ ಮಲಗಿದ. ಇಲ್ಲಿ ಹರಸಿದವನು ಆರಾಮಾಗಿ ಹೊರಟುಹೋಗುತ್ತಾನೆ, ಸುತ್ತಲಿನವರ ನೋವನ್ನೆಲ್ಲ ಆ ಕೂಸು ಅನುಭವಿಸುತ್ತದೆ, ಮಾಯೆಯಿಂದ ಬೇಗ ಬೇಗ ಬೆಳೆದು ಎದುರು ನಿಂತು ಅವನನ್ನು ಮಾತಿನಲ್ಲೇ ಸುಡುತ್ತದೆ. ನಾಯಕನ ಒಳ್ಳೆಯತನವೇ ಒಬ್ಬರ ಬದುಕು ಹಾಳು ಮಾಡಿತು ಎಂದು ಬರೆಯುವುದಕ್ಕೆ ಧೈರ್ಯ ಬೇಕು. ಇದನ್ನು ಬಿಟ್ಟು ನಾವು ಬರೀ ಸಾಲದ ಲೆಕ್ಕ ಬರೆದುಕೊಂಡು ಕೂತೆವು.

ಕೊನೆಯ ಯುದ್ಧದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇನ್ನೂ ಓದದವರಿದ್ದಾರೆ. ಮೋಸ ಎನ್ನುವವರೂ ಇದ್ದಾರೆ, ನನಗೆ ಹಿಡಿಸಿತು.

ನಿಮ್ಮ ಮಗನಿಗೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಇಟ್ಟಿದ್ದೇನೆ. ನಮ್ಮನ್ನು ಬೈದೇ ಬರೆಯಲಿ, ಕತ್ತರಿ ಹಾಕುವುದಿಲ್ಲ. ತಲೆಬರಹವನ್ನೂ ಅವನೇ ಕೊಡಲಿ. ‘ಸೂಪರ್’ ಎಂದು ಸುಮ್ನೆ ಬಿಡದೆ ಯಾಕೆ ಎಂದೂ ಬರೆಯಲಿ. ಹಾಗೇ ಒಂದು ವಿಷಯ ಕೇಳಿ ಹೇಳಿ. ಮೂರನೆಯ ಪುಸ್ತಕದಲ್ಲಿ ಎರಗಾನ್‌ನ ಮಾವನ ಮಗ ರೋರನ್ ಸುತ್ತಿಗೆ ಹಿಡಿದು ಒಂದೇ ಕಾಳಗದಲ್ಲಿ 193 ಜನರನ್ನು ಕೊಲ್ಲುತ್ತಾನಲ್ಲ, ಅದನ್ನು ಅವನು ನಂಬಿದನಾ?

– ಸಂ.