ಸಕ್ಕರೆ ಕಾಯಿಲೆಯವರ ಭುಜ ಹಿಡಿದುಕೊಂಡಾಗ

ಪ್ರಶ್ನೆ: ನನಗೆ 54 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 8.1. ನಾಲ್ಕು ತಿಂಗಳಿಂದ ಬಲ ಭುಜ ನೋವು. ಜಡೆ ಹಾಕಿಕೊಳ್ಳಲು, ಕೈ ಹಿಂದಕ್ಕೆ ತರಲು ಆಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಎಕ್ಸ್‌ರೇ ಸರಿಯಾಗಿದೆ. ಫ್ರೋಜನ್ ಶೋಲ್ಡರ್ ಎಂದು ಡಾಕ್ಟರು ಸ್ಟೆರಾಯ್ಡ್ ಇಂಜೆಕ್ಷನ್ ಹೇಳಿದ್ದಾರೆ. ಸಕ್ಕರೆ ಏರುತ್ತದೆಂಬ ಭಯ. ವ್ಯಾಯಾಮವೊಂದೇ ಸಾಲದೆ?
— ಓದುಗರು, ದಾವಣಗೆರೆ

ಉತ್ತರ: ಈ ತೊಂದರೆಯಲ್ಲಿ ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ದೋಷ ಮೂಳೆಯಲ್ಲಲ್ಲ, ಕೀಲನ್ನು ಸುತ್ತಿರುವ ತೆಳು ಚೀಲದಲ್ಲಿ. ಅದು ಮೊದಲು ಉರಿಯೂತದಿಂದ ಕೆರಳಿ, ಆಮೇಲೆ ದಪ್ಪಗಾಗಿ ಕುಗ್ಗುತ್ತದೆ. ಬಹುಕಾಲ ಏರಿದ ಸಕ್ಕರೆ ಚೀಲದ ಕೊಲಾಜೆನ್ ಎಳೆಗಳಿಗೆ ಅಂಟಿ ಅವನ್ನು ಬಿರುಸಾಗಿಸುವುದೂ ಒಂದು ಕಾರಣ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ಬಿಡಲು ಹಿಡಿಯುವ ಕಾಲವೂ ಹೆಚ್ಚು: ಒಂದರಿಂದ ಮೂರು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ.

ರಾತ್ರಿ ನೋವು ಇಷ್ಟಿರುವುದರಿಂದ ನಿಮ್ಮದು ಇನ್ನೂ ಮೊದಲ ಹಂತವಿರಬೇಕು. ಇಂಜೆಕ್ಷನ್ ಹೆಚ್ಚು ಉಪಯೋಗಕ್ಕೆ ಬರುವುದು ಈಗಲೇ. ಬರೀ ಬಿಗಿತ ಉಳಿದ ಮೇಲೆ ಅದರಿಂದ ಸಿಗುವುದು ಕಡಿಮೆ. ಅದು ಬೇಡವೆಂದು ಕೆರಳಿರುವ ಚೀಲವನ್ನು ಜಗ್ಗುವ ವ್ಯಾಯಾಮಕ್ಕಿಳಿದರೆ ನೋವು ಏರುತ್ತದೆ, ಹೆದರಿ ಕೈ ಆಡಿಸುವುದನ್ನೇ ಬಿಡುತ್ತೀರಿ, ಬಿಗಿತ ಇನ್ನಷ್ಟಾಗುತ್ತದೆ.

ಸಕ್ಕರೆ ಏರುವುದು ನಿಜ. ಇಂಜೆಕ್ಷನ್ ಆದ ದಿನವೇ ಏರತೊಡಗಿ, ಸಾಮಾನ್ಯವಾಗಿ ಎರಡರಿಂದ ಐದು ದಿನ, ಕೆಲವರಲ್ಲಿ ಒಂದು ವಾರ ಇರುತ್ತದೆ. ಹಾಗಾಗಿ ನಿಮ್ಮ ಸಕ್ಕರೆ ಡಾಕ್ಟರಿಗೆ ಮೊದಲೇ ತಿಳಿಸಿ, ಹಬ್ಬ, ಮದುವೆ, ಪ್ರಯಾಣವಿಲ್ಲದ ವಾರ ಆರಿಸಿಕೊಳ್ಳಿ. ಒಂದು ವಾರ ದಿನಕ್ಕೆ ನಾಲ್ಕು ಸಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ಮೂರೂ ಊಟದ ಎರಡು ಗಂಟೆಯ ನಂತರ, ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ಬೆಳಗಿನದನ್ನು ಮಾತ್ರ ನೋಡಿ ನೆಮ್ಮದಿಯಾಗಬೇಡಿ, ಸ್ಟೆರಾಯ್ಡ್ ಏರಿಸುವುದು ಊಟದ ನಂತರದ್ದನ್ನೇ ಹೆಚ್ಚು. 300 ದಾಟಿ ಇಳಿಯದಿದ್ದರೆ, ವಾಂತಿ ಅಥವಾ ವಿಪರೀತ ಬಾಯಾರಿಕೆ ಬಂದರೆ ಕೂಡಲೇ ವೈದ್ಯರನ್ನು ಕಾಣಿ. ಆ ದಿನಗಳಿಗೆಂದು ಇನ್ಸುಲಿನ್ ಏರಿಸಿದ್ದರೆ ಮತ್ತೆ ಇಳಿಸುವುದು ಯಾವಾಗೆಂದೂ ಕೇಳಿಟ್ಟುಕೊಳ್ಳಿ. ಇದನ್ನು ಮರೆತವರಿಗೆ ಮುಂದಿನ ವಾರ ಸಕ್ಕರೆ ಕುಸಿಯುತ್ತದೆ. ಸ್ಟೆರಾಯ್ಡ್ ಮಾತ್ರೆಯ ರೂಪದಲ್ಲಿ ಬರೆದರೆ ಮಾತ್ರ ಮರುಪ್ರಶ್ನೆ ಹಾಕಿ, ಅದು ಮೈಯಿಡೀ ಸಕ್ಕರೆಯನ್ನು ದಿನಗಟ್ಟಲೆ ಎತ್ತಿ ನಿಲ್ಲಿಸುತ್ತದೆ. ಅಂಗಡಿಯಿಂದ ತಂದ ನೋವಿನ ಮಾತ್ರೆಗಳೂ ಬೇಡ: ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹೊರೆ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡದೆ ತಿಂಗಳುಗಟ್ಟಲೆ ನುಂಗಿದವರ ಪಾಡು ಭುಜದ ನೋವಿಗಿಂತ ದೊಡ್ಡದು.

ನೋವು ತಗ್ಗುವವರೆಗೆ ಎರಡೇ ವ್ಯಾಯಾಮ. ಒಂದು, ಎಡಗೈಯನ್ನು ಮೇಜಿಗೆ ಊರಿ ಬಾಗಿ, ಬಲಗೈಯನ್ನು ಸಡಿಲ ಬಿಟ್ಟು ಊಟದ ತಟ್ಟೆಯಷ್ಟಗಲದ ವೃತ್ತವಾಗಿ ತೂಗಾಡಿಸಿ, ಆ ಕಡೆ ಹತ್ತು, ಈ ಕಡೆ ಹತ್ತು. ಎರಡು, ಅಂಗಾತ ಮಲಗಿ ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಟ್ಟು, ಮೊಣಕೈಯನ್ನು ಪಕ್ಕೆಗೆ ಒತ್ತಿ ಲಂಬಕೋನವಾಗಿ ಮಡಚಿ, ಎರಡೂ ಕೈಯಲ್ಲಿ ಕೋಲು ಹಿಡಿದು ಎಡಗೈಯಿಂದ ಬಲಗೈಯನ್ನು ಹೊರಗಡೆಗೆ ಮೆಲ್ಲಗೆ ತಳ್ಳಿ. ಬಿಗಿ ಎನಿಸಿದಲ್ಲಿ 15 ಸೆಕೆಂಡ್ ನಿಲ್ಲಿಸಿ, ಐದು ಸಲ. ಮೊದಲು ಕಟ್ಟಿಕೊಳ್ಳುವುದು ಈ ಹೊರತಿರುವೇ, ಆದರೆ ಎಲ್ಲರೂ ಕೈ ಎತ್ತುವುದನ್ನಷ್ಟೇ ಮಾಡುತ್ತಾರೆ. ವ್ಯಾಯಾಮದ ನೋವು ಅರ್ಧ ಗಂಟೆಯಲ್ಲಿ ಆರಬೇಕು. ಆ ರಾತ್ರಿ ನಿದ್ದೆ ಕೆಟ್ಟರೆ ಅತಿಯಾಯಿತೆಂದು ಮರುದಿನ ಅರ್ಧಕ್ಕಿಳಿಸಿ. ಗೋಡೆಯ ಮೇಲೆ ಬೆರಳು ಹತ್ತಿಸುವುದು, ಬೆನ್ನ ಹಿಂದೆ ಟವೆಲ್ ಎಳೆಯುವುದು ರಾತ್ರಿ ನೋವು ಹೋದ ಮೇಲೆ. ಕೈಯನ್ನು ಪಟ್ಟಿಯಲ್ಲಿ ನೇತುಹಾಕಬೇಡಿ.

ಪ್ರಶ್ನೆ: ಬಿಸಿ ಶಾಖ, ಎಣ್ಣೆ ತಿಕ್ಕುವುದು ಪ್ರಯೋಜನವೇ?
— ಓದುಗರು, ಶಿರಸಿ

ಉತ್ತರ: ವ್ಯಾಯಾಮಕ್ಕೆ ಮುಂಚೆ 10–15 ನಿಮಿಷ ಶಾಖ ಒಳ್ಳೆಯದು, ಸ್ನಾಯು ಸಡಿಲವಾಗುತ್ತದೆ. ನರ ದುರ್ಬಲವಾಗಿ ಸ್ಪರ್ಶಜ್ಞಾನ ಕಡಿಮೆಯಾದವರು ಸುಟ್ಟುಕೊಳ್ಳುವುದುಂಟು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ಮನೆಯವರ ಕೈಯಲ್ಲಿ ಬಿಸಿ ನೋಡಿಸಿ. ಎಣ್ಣೆ ಹಿತ, ಆದರೆ ಕೀಲಿನ ಚೀಲದವರೆಗೆ ಇಳಿಯದು. ಯಾರಾದರೂ ‘ಲಟಕ್ಕೆಂದು ಬಿಡಿಸುತ್ತೇನೆ’ ಎಂದು ತೋಳು ತಿರುಚಲು ಬಂದರೆ ಕೊಡಬೇಡಿ, ಮೂಳೆ ಮುರಿದದ್ದಿದೆ.

ಪ್ರಶ್ನೆ: ಸಕ್ಕರೆ ಹತೋಟಿಗೆ ಬಂದರೆ ಭುಜ ತಾನೇ ಬಿಡುವುದೇ?
— ಓದುಗರು, ಕೋಲಾರ

ಉತ್ತರ: ಕೂಡಲೇ ಇಲ್ಲ. ಆದರೆ ಮುಂದೆ ಅರಿವಳಿಕೆಯಲ್ಲಿ ಭುಜ ಬಿಡಿಸುವ ಅಥವಾ ಆರ್ತ್ರೋಸ್ಕೋಪಿಯ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಮಾತು ಬಂದರೆ ಸೋಂಕು ತಪ್ಪಿಸಲು ಹತೋಟಿ ಬೇಕೇ ಬೇಕು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಅದರ ತೊಂದರೆಯಲ್ಲೂ ಭುಜ ಹೀಗೆ ಹಿಡಿಯುತ್ತದೆ. ನಡೆದಾಗ ಎಡಭುಜ ನೋವಾಗಿ, ನಿಂತರೆ ಕಡಿಮೆಯಾಗುವುದಾದರೆ ಮೊದಲು ಇಸಿಜಿ. ಜ್ವರದೊಡನೆ ಕೀಲು ಬಿಸಿಯಾಗಿ ಊದಿದರೆ ಅದೇ ದಿನ ಆಸ್ಪತ್ರೆ. ಇನ್ನೊಂದು ಭುಜಕ್ಕೂ ಬರಬಹುದು: ಮೊಣಕೈಗಳನ್ನು ಪಕ್ಕೆಗೊತ್ತಿ ಎರಡೂ ಮುಂಗೈಗಳನ್ನು ಹೊರಗೆ ತೆರೆದು, ತಿಂಗಳಿಗೊಮ್ಮೆ ಕನ್ನಡಿಯಲ್ಲಿ ಹೋಲಿಸಿ ನೋಡಿಕೊಳ್ಳಿ.