ಬಾವುಟ ಏರಿದ ಮೇಲಿನ ಲೆಕ್ಕ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ವಸಾಹತುಶಾಹಿಯಿಂದ ಸ್ವಾತಂತ್ರ್ಯದವರೆಗೆ’ ಲೇಖನವನ್ನು ಪೂರ್ತಿ ಓದಿದೆ. ಹೈಟಿ, ಬ್ರೆಜಿಲ್‌ನಿಂದ ಹಿಡಿದು ಇಂಡೊನೇಷ್ಯ, ಘಾನಾ, ಅಲ್ಜೀರಿಯ, ಕಾಂಗೊವರೆಗೆ ಹನ್ನೊಂದು ದೇಶಗಳನ್ನು 4,000 ಪದಗಳಲ್ಲಿ ಸುತ್ತಿ ಬಂದಿದ್ದೀರಿ. ಕೊನೆಗೆ ಮೈಸೂರು ಸಂಸ್ಥಾನಕ್ಕೆ ಒಂದು ಪ್ಯಾರಾ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ಬೇರೆ ದೇಶಗಳ ಚರಿತ್ರೆಯನ್ನು ಕನ್ನಡದಲ್ಲಿ ಕೂತು ಬರೆಯುವವರು ಕಡಿಮೆ, ನಿಮಗೆ ಓದಿನ ಹಸಿವಿದೆ ಎಂಬುದೂ ಎದ್ದು ಕಾಣುತ್ತದೆ. ಹಾಗಾಗಿ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಗೀಚಿ ಮುಗಿಸದೆ ಬಿಡಿಸಿ ಬರೆಯುತ್ತಿದ್ದೇನೆ.

ದೊಡ್ಡ ತೊಂದರೆ ಇದು: ಹನ್ನೊಂದು ದೇಶಗಳ ಕಥೆಯೂ ಒಂದೇ ಆಗಿಬಿಟ್ಟಿದೆ. ಪರಕೀಯರು ಬಂದರು, ದೋಚಿದರು, ಜನ ಸಿಡಿದೆದ್ದರು, ಬಾವುಟ ಏರಿತು. ‘ಶೋಷಣೆಯ ಕತ್ತಲು ಕಳೆದು ಸ್ವಾತಂತ್ರ್ಯದ ಸೂರ್ಯ ಉದಯಿಸಿದ’ ಎಂಬ ವಾಕ್ಯ ಐದು ಕಡೆ ಬಂದಿದೆ. ಹೆಸರು ಮುಚ್ಚಿಕೊಂಡು ಓದಿದರೆ ಯಾವ ದೇಶ ಎಂದು ಗುರುತು ಹತ್ತದ ಪ್ಯಾರಾಗಳನ್ನು ಮುಲಾಜಿಲ್ಲದೆ ತೆಗೆಯಿರಿ. ದೇಶಗಳು ಬೇರೆ ಬೇರೆ ದಾರಿ ಹಿಡಿದದ್ದು ಏಕೆ ಎಂಬುದು ತಿಳಿಯುವುದು ಬಾವುಟ ಏರಿದ ನಂತರದ ಕಾಗದಪತ್ರಗಳಲ್ಲಿ: ಸಾಲ ಯಾರ ತಲೆಗೆ ಬಂತು, ಸೈನಿಕರಿಗೆ ಸಂಬಳ ಕೊಟ್ಟವರು ಯಾರು, ಜಮೀನು ಯಾರ ಹೆಸರಲ್ಲಿ ಉಳಿಯಿತು. ನೀವು ಪೆನ್ನು ಕೆಳಗಿಟ್ಟ ಜಾಗದಲ್ಲೇ ನಿಮ್ಮ ವಿಷಯ ಶುರುವಾಗುತ್ತದೆ.

ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ಮೂರೇ ದೇಶ ಆರಿಸಿಕೊಳ್ಳಿ. ನನ್ನ ಸಲಹೆ ಸಾಲದ ಪ್ರಶ್ನೆ. ದೇಶಗಳು ಹೈಟಿ, ಇಂಡೊನೇಷ್ಯ, ಭಾರತ. ಏಕೆ ಎಂದರೆ, ಸ್ವತಂತ್ರವಾದ ಮೇಲೆ ಒಂದು ದೇಶ ಆಳಿದವರಿಗೇ ಹಣ ಕಟ್ಟಿತು, ಇನ್ನೊಂದು ಆಳಿದವರ ಸಾಲವನ್ನು ಹೊತ್ತಿತು, ಮತ್ತೊಂದಕ್ಕೆ ಆಳಿದವರೇ ಬಾಕಿ ಕೊಡಬೇಕಿತ್ತು.

ನಿಮ್ಮ ಹೈಟಿ 1804ರ ಜನವರಿ 1ಕ್ಕೆ ಮುಗಿಯುತ್ತದೆ. ಗುಲಾಮರು ದಂಗೆಯೆದ್ದು ಕಟ್ಟಿಕೊಂಡ ದೇಶ ಎಂದು ಬರೆದದ್ದು ಸರಿಯಾಗಿದೆ. ಆದರೆ ಫ್ರಾನ್ಸ್ ಅದನ್ನು ಮಾನ್ಯ ಮಾಡಿದ್ದು 1825ರಲ್ಲಿ, ಅದಕ್ಕೆ ಕೇಳಿದ ಬೆಲೆ 15 ಕೋಟಿ ಫ್ರಾಂಕ್, ಐದು ಕಂತುಗಳಲ್ಲಿ. ಆಸ್ತಿ ಕಳೆದುಕೊಂಡ ಹಳೆಯ ತೋಟದ ಮಾಲೀಕರಿಗೆ ಪರಿಹಾರ ಎಂಬುದು ನೆಪ. ಆ ಆಸ್ತಿಯ ಲೆಕ್ಕದಲ್ಲಿ ಗುಲಾಮರಾಗಿದ್ದ ಮನುಷ್ಯರೂ ಸೇರಿದ್ದರು. ರಾಜ ಹತ್ತನೇ ಚಾರ್ಲ್ಸ್‌ನ ಆಜ್ಞೆ ಯುದ್ಧನೌಕೆಗಳ ಜೊತೆಗೇ ಬಂತು. ಮೊದಲ ಕಂತು 3 ಕೋಟಿ. ಅದೊಂದೇ ಸರ್ಕಾರದ ಇಡೀ ವರ್ಷದ ಆದಾಯವನ್ನು ಮೀರಿತ್ತು. ಹಾಗಾಗಿ ಪ್ಯಾರಿಸ್‌ನಲ್ಲೇ ಸಾಲ ಎತ್ತಿದರು. 3 ಕೋಟಿಗೆ ಪತ್ರ ಬರೆದುಕೊಟ್ಟರೆ ಕೈಗೆ ಬಂದದ್ದು 2 ಕೋಟಿ 40 ಲಕ್ಷ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಇದರ ಸುತ್ತ ಬೆಳೆದ ಸಾಲಗಳು ತೀರಿದ್ದು 1947ರಲ್ಲಿ.

ಇಲ್ಲಿಗೇ ನಿಲ್ಲಬೇಡಿ. ಈ ಹಣ ಹುಟ್ಟಿದ್ದು ಎಲ್ಲಿಂದ ಎಂದು ತೋರಿಸಿ. ಮುಖ್ಯವಾಗಿ ಕಾಫಿಯಿಂದ. ರಫ್ತಿನ ಮೇಲೆ ಹಾಕಿದ ಸುಂಕದ ಹೊರೆ ಕೊನೆಗೆ ಬಂದು ಬೀಳುತ್ತಿದ್ದದ್ದು ಗುಡ್ಡದ ಮೇಲೆ ಅರ್ಧ ಎಕರೆ, ಒಂದು ಎಕರೆ ಬೆಳೆಯುವವನ ಮೇಲೆ. 1826ರಲ್ಲಿ ಅಧ್ಯಕ್ಷ ಬೋಯರ್ ತಂದ ಗ್ರಾಮೀಣ ಸಂಹಿತೆ ಎಂಬ ಕಾನೂನು ರೈತರನ್ನು ಮತ್ತೆ ತೋಟಗಳಿಗೆ ಕಟ್ಟಿಹಾಕಲು ನೋಡಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಗೊತ್ತಿರುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಈ ಭಾಗಕ್ಕೆ 500 ಪದ ಕೊಡಿ.

ಇಂಡೊನೇಷ್ಯದ ಪ್ಯಾರಾದಲ್ಲಿ ‘1945ರಲ್ಲಿ ಡಚ್ಚರು ಸ್ವಾತಂತ್ರ್ಯ ಕೊಟ್ಟರು’ ಎಂದಿದ್ದೀರಿ. ಅದು ತಪ್ಪು. 1945ರ ಆಗಸ್ಟ್ 17ರಂದು ಅಲ್ಲಿನ ನಾಯಕರಾದ ಸುಕಾರ್ನೊ ಮತ್ತು ಹತ್ತಾ ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡರು. ಡಚ್ಚರು ಒಪ್ಪಲಿಲ್ಲ, 1947ರಲ್ಲೂ 1948ರಲ್ಲೂ ಸೈನ್ಯ ನುಗ್ಗಿಸಿದರು. ಅಧಿಕಾರ ಕೈಬದಲಾದದ್ದು 1949ರ ಡಿಸೆಂಬರ್ 27ರಂದು. ಹೇಗ್ ನಗರದಲ್ಲಿ ನಡೆದ ದುಂಡುಮೇಜಿನ ಪರಿಷತ್ತಿನಲ್ಲಿ ಹೊಸ ದೇಶ ಡಚ್ ವಸಾಹತು ಸರ್ಕಾರ ಮಾಡಿದ್ದ ಸುಮಾರು 430 ಕೋಟಿ ಗಿಲ್ಡರ್ (ಡಚ್ ನಾಣ್ಯ) ಸಾಲವನ್ನು ಒಪ್ಪಿಕೊಳ್ಳಬೇಕಾಯಿತು. ತಮ್ಮ ಮೇಲೆ ಗುಂಡು ಹಾರಿಸಲು ಆದ ಖರ್ಚನ್ನು ತಾವೇ ಏಕೆ ಕಟ್ಟಬೇಕು ಎಂಬುದೇ ಅಲ್ಲಿ ಇಂಡೊನೇಷ್ಯದ ಪ್ರತಿನಿಧಿಗಳ ದೊಡ್ಡ ತಕರಾರು. 1956ರಲ್ಲಿ ಉಳಿದ ಸಾಲವನ್ನು ಕಟ್ಟುವುದಿಲ್ಲ ಎಂದು ಆ ದೇಶ ಕೈಕೊಡವಿತು. ಇದಕ್ಕೆ 350 ಪದ ಸಾಕು.

ಭಾರತದ ಭಾಗ ಎಲ್ಲಕ್ಕಿಂತ ಎಚ್ಚರ ಬೇಡುವುದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಇಲ್ಲಿಂದ ಬಟ್ಟೆ, ಧಾನ್ಯ, ಸಾಮಗ್ರಿ ಪಡೆಯಿತು, ಸೈನ್ಯವನ್ನು ಹೊರದೇಶಗಳಿಗೆ ಕಳಿಸಿತು. ಅದರ ಬೆಲೆಯನ್ನು ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೆ ಪೌಂಡುಗಳಲ್ಲಿ ಬರೆದಿಟ್ಟಿತು. ಯುದ್ಧ ಮುಗಿದಾಗ ಆ ಬಾಕಿ ಸುಮಾರು 130 ಕೋಟಿ ಪೌಂಡ್. ಆದರೆ ನಮ್ಮ ದೇಶ ಸಾಲ ಕೊಟ್ಟಿತ್ತು ಎಂದು ಬೀಗುವ ಧಾಟಿ ಬೇಡ. ಸರಕು ಕೊಂಡದ್ದು ಇಲ್ಲೇ ಅಚ್ಚು ಹಾಕಿದ ರೂಪಾಯಿಯಿಂದ. ಅದರಿಂದ ಬೆಲೆಗಳು ಗಗನಕ್ಕೇರಿದವು, 1943ರ ಬಂಗಾಳದ ಕ್ಷಾಮಕ್ಕೆ ಈ ಬೆಲೆಯೇರಿಕೆಯೂ ಒಂದು ಕಾರಣ. ಲಂಡನ್ನಿನ ಪುಸ್ತಕದಲ್ಲಿ ಜಮೆಯಾದದ್ದು ಇಲ್ಲಿನ ಬಡವರ ತಟ್ಟೆಯಿಂದ ಹೋದ ಅನ್ನ ಎಂಬುದನ್ನು ಬರೆಯದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಸ್ವಾತಂತ್ರ್ಯದ ನಂತರವೂ ಹಣ ಒಮ್ಮೆಗೇ ಕೈಗೆ ಬರಲಿಲ್ಲ. ಕಂತುಕಂತಾಗಿ ಬಿಟ್ಟರು, ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೂ ಅವರು ಬಿಟ್ಟುಹೋದ ಸೇನಾ ಸಾಮಗ್ರಿಗೂ ಅದರಲ್ಲೇ ಮುರಿದುಕೊಂಡರು.

ಇನ್ನು ಮೈಸೂರು. ‘ಬ್ರಿಟಿಷರು ಬೆಂಗಳೂರನ್ನು ಇನ್ನೂರು ವರ್ಷ ಆಳಿದರು’ ಎಂಬ ವಾಕ್ಯ ಹಾಗೆಯೇ ಹೋದರೆ ಮರುದಿನವೇ ಓದುಗರ ಪತ್ರಗಳು ಬರುತ್ತವೆ, ಬರಬೇಕಾದದ್ದೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರ ಸಂಸ್ಥಾನ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತ. ಆಮೇಲೆ ಮತ್ತೆ ಒಡೆಯರು. ದಂಡು ಪ್ರದೇಶದ ಆಡಳಿತ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. 1947ರ ಆಗಸ್ಟ್ 15ಕ್ಕೂ ಇಲ್ಲಿ ಕಥೆ ಮುಗಿಯಲಿಲ್ಲ. ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ನಿಮ್ಮ ಸಾಲದ ಪ್ರಶ್ನೆಗೆ ಇಲ್ಲೂ ಎಳೆ ಸಿಗುತ್ತದೆ: 1799ರ ಒಪ್ಪಂದದಂತೆ ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಕಟ್ಟಬೇಕಿತ್ತು. ರೂಪಾಯಿಯಲ್ಲಿ ಅದು 24.5 ಲಕ್ಷ. 1881ರಲ್ಲಿ ರಾಜ್ಯ ಮರಳಿ ಕೊಟ್ಟಾಗ ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಹಾಕಿದರು. ಲೇಖನ ಇಲ್ಲಿಂದಲೇ ಶುರುವಾಗಲಿ. ಕಬ್ಬನ್ ಪಾರ್ಕಿನ ಮರಗಳ ವರ್ಣನೆಯಿಂದ ಬೇಡ.

ಸಂಸ್ಥಾನದ ಲೆಕ್ಕಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಆಡಳಿತ ವರದಿಗಳನ್ನು ವರ್ಷ ಹೇಳಿ ಕೇಳಿ, ವಿಷಯ ಹೇಳಿ ಕೇಳಿದರೆ ಹುಡುಕುವುದು ಕಷ್ಟ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯವನ್ನೂ ಬಿಡಬೇಡಿ. ಒಂದೊಂದು ಅಂಕಿಯ ಪಕ್ಕದಲ್ಲೂ ಅದು ಸಿಕ್ಕ ಪುಟವನ್ನು ಕರಡಿನಲ್ಲಿ ಗುರುತು ಹಾಕಿಕೊಳ್ಳಿ. ಅಚ್ಚಿಗೆ ಅದು ಬೇಡ, ನನಗೆ ಬೇಕು.

ಹಳೆಯ ಫ್ರಾಂಕ್, ಗಿಲ್ಡರುಗಳನ್ನು ಇಂದಿನ ರೂಪಾಯಿಗೆ ಪರಿವರ್ತಿಸಬೇಡಿ. ಇನ್ನೂರು ವರ್ಷಗಳ ಬೆಲೆಯೇರಿಕೆಯನ್ನು ಯಾವ ದರದಲ್ಲಿ ಹಿಡಿದಿರಿ ಎಂಬುದರ ಮೇಲೆ ಉತ್ತರ ಹತ್ತು ಪಟ್ಟು ಆಚೀಚೆ ಆಗುತ್ತದೆ. ಆ ಕಾಲದ ಸರ್ಕಾರದ ವಾರ್ಷಿಕ ಆದಾಯದ ಪಕ್ಕದಲ್ಲಿಟ್ಟು ತೋರಿಸಿ. ಯುರೋಪಿನ ದೇಶಗಳು ಬರ್ಲಿನ್ ಸಮಾವೇಶದಲ್ಲಿ ಕೂತು ಸ್ಕೇಲು ಹಿಡಿದು ಇಡೀ ಆಫ್ರಿಕದ ಗಡಿ ಎಳೆದವು ಎಂಬುದನ್ನೂ ತೆಗೆಯಿರಿ. 1884-85ರಲ್ಲಿ ಅಲ್ಲಿ ತೀರ್ಮಾನವಾದದ್ದು ಕಾಂಗೊ, ನೈಜರ್ ನದಿಗಳ ಸಂಚಾರ ಮತ್ತು ಕರಾವಳಿಯನ್ನು ವಶಪಡಿಸಿಕೊಳ್ಳುವವರು ಪಾಲಿಸಬೇಕಾದ ನಿಯಮ. ಗಡಿಗಳಲ್ಲಿ ಹೆಚ್ಚಿನವು ಆಮೇಲೆ ಎರಡೆರಡು ದೇಶಗಳ ಒಪ್ಪಂದಗಳಲ್ಲಿ ಮೂಡಿದವು.

ಕಾಂಗೊ ಪ್ಯಾರಾವನ್ನು ಎಸೆಯಬೇಡಿ, ಅದು ಇನ್ನೊಂದು ಲೇಖನ. 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವಾತಂತ್ರ್ಯ. ಸುಮಾರು 25 ಸಾವಿರದ ಸೈನ್ಯದಲ್ಲಿ ಒಬ್ಬ ಕಾಂಗೊ ಅಧಿಕಾರಿಯೂ ಇರಲಿಲ್ಲ. ಜುಲೈ 5ಕ್ಕೆ ಸೈನಿಕರ ದಂಗೆ, 11ಕ್ಕೆ ಗಣಿಗಳ ನಾಡಾದ ಕತಾಂಗದ ಬೇರ್ಪಡೆ. ಆ ಹನ್ನೆರಡು ದಿನಗಳನ್ನು ಮಾತ್ರ ಬರೆದರೂ ಸಾಕಾಗುವಷ್ಟು ವಿಷಯವಿದೆ.

ತಿದ್ದಿದ ಲೇಖನ 1,800 ಪದ ಮೀರದಿರಲಿ. ಪೂರ್ತಿ ಬರೆಯುವ ಮೊದಲು ಹೈಟಿಯ 500 ಪದಗಳನ್ನಷ್ಟೇ ಯೂನಿಕೋಡಿನಲ್ಲಿ ಕಳಿಸಿ. ಅದನ್ನು ನೋಡಿ ತಿಳಿಸಿದ ಮೇಲೆ ಉಳಿದದ್ದಕ್ಕೆ ಕೈ ಹಾಕಿ.